ಓದೋ ತಾತನ ಭಾನುವಾರಗಳು

ಕುಷ್ಠರೋಗಿಗಳ ಚಪ್ಪಲಿಗೆ ಮೊಳೆ ಹೊಡೆಯಬಾರದು. ಆಸ್ಪತ್ರೆಯ ಚಪ್ಪಲಿ ವಿಭಾಗಕ್ಕೆ ನಾನು ಸೇರಿದ ದಿನ ಹಿರಿಯ ಮೇಸ್ತ್ರಿ ಹೇಳಿಕೊಟ್ಟ ಮೊದಲ ಪಾಠ ಅದು. ಆ ರೋಗ ಬಂದವರ ಪಾದಕ್ಕೆ ಸ್ಪರ್ಶ ಇರುವುದಿಲ್ಲ. ನಮಗಾದರೆ ಒಂದು ಮರಳಿನ ಕಾಳು ಸಿಕ್ಕಿಕೊಂಡರೂ ನಿಂತು ಕೊಡವಿಕೊಳ್ಳುತ್ತೇವೆ. ಅವರು ಮುಳ್ಳು ತುಳಿದುಕೊಂಡೇ ಇನ್ನೊಂದು ಊರು ಸೇರಿಬಿಡುತ್ತಾರೆ. ಹಾಗಾಗಿ ಅಂಟಿನಿಂದ ಕೂಡಿಸಬೇಕು, ದಾರದಿಂದ ಹೊಲಿಯಬೇಕು. ಮೇಲೆ ಸ್ಪಂಜಿನ ಹಾಗಿರುವ ಕಪ್ಪು ರಬ್ಬರು, ಕೆಳಗೆ ಟೈರಿನ ಅಟ್ಟೆ, ಬೆರಳಿನ ಹಿಡಿತವಿಲ್ಲದ ಕಾಲು ಜಾರದಂತೆ ಹಿಮ್ಮಡಿಗೆ ಒಂದು ಪಟ್ಟಿ. ನಮ್ಮದು ಕೊಳ್ಳೇಗಾಲದ ಕಡೆಯ ಚಪ್ಪಲಿ ಹೊಲಿಯುವ ಮನೆ, ಅಪ್ಪನ ಕಾಲಕ್ಕೇ ಕ್ರೈಸ್ತರಾದವರು. ದಬ್ಬಳ ಹಿಡಿಯುವುದನ್ನು ಯಾರೂ ನನಗೆ ಕಲಿಸಬೇಕಾಗಿರಲಿಲ್ಲ. ಮೊಳೆ ಹೊಡೆಯದಿರುವುದನ್ನು ಮಾತ್ರ ಕಲಿಯಬೇಕಾಗಿತ್ತು.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಪ್ರತಿ ಗುರುವಾರ ಆಸ್ಪತ್ರೆಯ ಜೀಪು ಬಯಲಿನಿಂದ ಘಾಟಿ ಹತ್ತಿ, ಹಾಸನೂರಿನಲ್ಲಿ ಒಂದು ಲೋಟ ಟೀಗೆ ನಿಂತು, ತಾಳವಾಡಿಗೆ ಬರುತ್ತಿತ್ತು. ಡಾಕ್ಟರಮ್ಮ, ಡ್ರೈವರು, ನಾನು. ಊರಾಚೆ ಹುಣಸೆಮರದ ಕೆಳಗೆ ಡಾಕ್ಟರಮ್ಮನ ಮೇಜು. ಮೇಜಿನ ಹಿಂದೆ ನಾನು ಗೋಣಿತಾಟು ಹಾಸಿಕೊಂಡು ಕೂರುತ್ತಿದ್ದೆ. ಬಂದವರು ಮೊದಲು ಬಕೆಟ್ಟಿನ ನೀರಿನಲ್ಲಿ ಕಾಲು ನೆನೆಯಿಡಬೇಕು. ಆಮೇಲೆ ಒಡೆದ ಚರ್ಮವನ್ನು ಕಲ್ಲಿನಿಂದ ಉಜ್ಜಿ, ಎಣ್ಣೆ ಸವರಿ, ಹುಣ್ಣಿದ್ದರೆ ಪಟ್ಟಿ ಕಟ್ಟಿ ನನ್ನ ಬಳಿ ಕಳಿಸುತ್ತಿದ್ದರು. ನಾನು ರಟ್ಟಿನ ಮೇಲೆ ಪಾದ ಇಡಿಸಿ ಸುತ್ತ ಪೆನ್ಸಿಲ್ಲಿನಲ್ಲಿ ಗೆರೆ ಎಳೆದುಕೊಳ್ಳುತ್ತಿದ್ದೆ.

ಹಾಗೆ ಬರುತ್ತಿದ್ದವರಲ್ಲಿ ಒಬ್ಬರನ್ನು ಎಲ್ಲರೂ ಓದೋ ತಾತ ಎನ್ನುತ್ತಿದ್ದರು. ಚಿಕ್ಕ ವಯಸ್ಸಿನಲ್ಲಿ ರೋಗ ಬಂದು ಊರು ಬಿಟ್ಟು, ಎಷ್ಟೋ ವರ್ಷ ನಮ್ಮ ಆಸ್ಪತ್ರೆಯಲ್ಲೇ ಇದ್ದು, ಅಲ್ಲೇ ಅಕ್ಷರ ಕಲಿತು, ಅಲ್ಲೇ ದೀಕ್ಷಾಸ್ನಾನ ಮಾಡಿಸಿಕೊಂಡು ಬೆಟ್ಟಕ್ಕೆ ವಾಪಸಾದವರು. ತಾಳವಾಡಿಯ ಹೊರಗೆ ಶಿವಪೂಜೆ ಮಾಡುವ ಒಬ್ಬ ಯಜಮಾನರ ಹೊಲದಂಚಿನಲ್ಲಿ ಅವರಿಗೊಂದು ಗುಡಿಸಲು ಇತ್ತು. ಬೆರಳುಗಳು ಗೆಣ್ಣಿನವರೆಗೆ ಸವೆದಿದ್ದವು. ವೇದಪುಸ್ತಕದ, ಅಂದರೆ ಬೈಬಲ್ಲಿನ, ಹಾಳೆಯನ್ನು ಮುಂಗೈಯ ಅಂಚಿನಿಂದ ನೂಕಿ ತಿರುವುತ್ತಿದ್ದರು.

ಅವರ ಕೆಲಸ ಭಾನುವಾರ. ಒಂದು ಭಾನುವಾರ ಗೆಟ್ಟವಾಡಿ ಕಡೆ, ಮುಂದಿನ ಭಾನುವಾರ ಜೀರಹಳ್ಳಿ ಕಡೆ. ಗೆಟ್ಟವಾಡಿಯ ಆಚೆ ಒಂದು ದನದ ಕೊಟ್ಟಿಗೆಯಲ್ಲಿ ಗಂಡ ಹೆಂಡತಿ ಇಬ್ಬರಿದ್ದರು, ಇಬ್ಬರಿಗೂ ರೋಗ. ಗಂಡನಿಗೆ ಕಣ್ಣೂ ಹೋಗಿತ್ತು. ಜೀರಹಳ್ಳಿಯಲ್ಲಿ ಒಬ್ಬ ಹೆಂಗಸು ಅಣ್ಣನ ಮನೆಯ ಹಿತ್ತಲಿನಲ್ಲಿ, ಹಲಗೆ ಬಾಗಿಲಿನ ಕೋಣೆಯಲ್ಲಿ ಒಬ್ಬರೇ ಇದ್ದರು. ಎಲ್ಲರೂ ಬೇರೆ ಬೇರೆ ಕಾಲದಲ್ಲಿ ಆಸ್ಪತ್ರೆಯಲ್ಲಿದ್ದಾಗ ಕ್ರೈಸ್ತರಾದವರು. ಬಸ್ಸಿನವರು ಇವರನ್ನು ಹತ್ತಿಸಿಕೊಳ್ಳುತ್ತಿರಲಿಲ್ಲ, ಹೋಗಿ ಕೂರಲು ಹತ್ತಿರದಲ್ಲಿ ಚರ್ಚೂ ಇರಲಿಲ್ಲ. ಹಾಗಾಗಿ ಆರಾಧನೆಯೇ ಅವರ ಬಳಿಗೆ ನಡೆದು ಹೋಗುತ್ತಿತ್ತು, ತಾತನ ಕಾಲಿನಲ್ಲಿ. ಗೆಟ್ಟವಾಡಿಯವರೂ ಜೀರಹಳ್ಳಿಯವರೂ ಒಬ್ಬರನ್ನೊಬ್ಬರು ಕಂಡವರಲ್ಲ. ಇವರ ಕಷ್ಟವನ್ನು ತಾತ ಅಲ್ಲಿ ಹೇಳುವರು, ಅವರದನ್ನು ಇಲ್ಲಿ. ಅದನ್ನೇ ಇಟ್ಟುಕೊಂಡು ಎರಡು ಮನೆಯವರೂ ಒಬ್ಬರಿಗಾಗಿ ಒಬ್ಬರು ಪ್ರಾರ್ಥನೆ ಮಾಡುತ್ತಿದ್ದರು.

ಆ ಗುರುವಾರ ನಾನು ಅಂಟಿನ ಡಬ್ಬ ತೆರೆದರೆ ಒಳಗೆಲ್ಲ ಗಟ್ಟಿ ಹೆಪ್ಪು. ಹಿಂದಿನ ವಾರ ಮುಚ್ಚಳ ಸರಿಯಾಗಿ ಒತ್ತದೆ ಬಿಟ್ಟವನು ನಾನೇ. ಹೊಲಿಯುವ ದಾರವೂ ಮಧ್ಯಾಹ್ನಕ್ಕೆ ಮುಗಿಯಿತು. ಹೊರಡುವ ಹೊತ್ತಿಗೆ ತಾತ ಬಲಗಾಲಿನ ಚಪ್ಪಲಿ ಹಿಡಿದುಕೊಂಡು ಬಂದರು. ಪಕ್ಕದ ಪಟ್ಟಿ ಬುಡದಿಂದ ಕಿತ್ತು ಬಂದಿತ್ತು.

"ಇದ್ನ ಇವತ್ತೇ ಮಾಡ್ಕೊಡು ಕಣಪ್ಪ," ಅಂದರು.

"ಅಂಟಿಲ್ಲ, ದಾರ ಇಲ್ಲ ತಾತ. ಮುಂದಿನ ಗುರುವಾರ ಮಾಡಿಕೊಡ್ತೀನಿ. ಅಲ್ಲೀತನಕ ನಡೀಬೇಡಿ."

"ಬಾನುವಾರ ಪಾದ್ರಿಗೋಳು ಗೆಟ್ಟವಾಡಿಗೆ ಬತ್ತಾವ್ರೆ. ವರ್ಸಕ್ಕೊಂದ್ಸಲ ಬರೋರು, ಯೇಸುಸ್ವಾಮಿ ನೆನ್ಪಿಗೆ ರೊಟ್ಟಿ ದ್ರಾಕ್ಷಾರಸ ಕೊಡೋಕೆ. ನಾ ಮುಂಚೇನೆ ಓಗಿ ಕೊಟ್ಗೆ ಗುಡ್ಸಿ ಅಣಿ ಮಾಡ್ಬೇಕು. ಚಪ್ಲಿ ಇಲ್ದಿದ್ರೆ ಬರಿಗಾಲಲ್ಲೇ ಓಯ್ತಿನಿ."

ಅವರು ಹೋಗುವವರೇ. ಗೆಟ್ಟವಾಡಿ ದಾರಿ ಪೂರ್ತಿ ಜಾಲಿಮುಳ್ಳು, ಜಲ್ಲಿಕಲ್ಲು. ತಾತ ನನ್ನ ಪೆಟ್ಟಿಗೆಯೊಳಗೆ ಇಣುಕಿದರು. ಒಂದು ಮೂಲೆಯಲ್ಲಿ, ಡಾಕ್ಟರಮ್ಮನ ಔಷಧದ ಪೆಟ್ಟಿಗೆ ರಿಪೇರಿಗೆ ಇಟ್ಟುಕೊಂಡಿದ್ದ ಸಣ್ಣ ಮೊಳೆಗಳಿದ್ದವು.

"ಎಲ್ಡು ಮೊಳೆ ಒಡುದ್ಬುಡು. ಯಾರ್ಗೂ ಯೇಳಾಕಿಲ್ಲ."

ಹೊಡೆದೆ. ತುದಿಗಳನ್ನು ಕಬ್ಬಿಣದ ಅಡಿಗಲ್ಲಿನ ಮೇಲೆ ಬಡಿದು ಮಡಚಿದೆ, ಮೇಲೆ ತೆಳು ಚರ್ಮದ ತುಂಡು ಹಾಸಿದೆ. ಬೆರಳಿನಿಂದ ಸವರಿ ನೋಡಿದೆ, ಏನೂ ಚುಚ್ಚಲಿಲ್ಲ. ಡಾಕ್ಟರಮ್ಮ ಜೀಪಿನ ಬಳಿ ಇದ್ದರು, ನೋಡಲಿಲ್ಲ. "ಮುಂದಿನ ಗುರುವಾರ ತಪ್ಪದೆ ಬನ್ನಿ ತಾತ, ಕಿತ್ತು ಹೊಲಿದು ಕೊಡ್ತೀನಿ," ಅಂದೆ. ಅವರು ತಲೆಯಾಡಿಸಿ ಹೋದರು.

ಮುಂದಿನ ಗುರುವಾರ ಘಾಟಿಯಲ್ಲಿ ಬಂಡೆ ಉರುಳಿ ದಾರಿ ಕಟ್ಟಿತ್ತು. ಲಾರಿಗಳ ಸಾಲಿನ ಹಿಂದೆ ಮಧ್ಯಾಹ್ನದವರೆಗೆ ಕಾದು ವಾಪಸಾದೆವು. ಅದರ ಮುಂದಿನ ವಾರ ಜೀಪು ಕೆಟ್ಟು ನಿಂತಿತು. ಮೊಳೆಯ ನೆನಪು ನನಗೆ ದಿನಾ ಬರುತ್ತಿತ್ತು. ಬಸ್ಸಿನಲ್ಲಿ ಒಂದು ದಿನದ ದಾರಿ, ಹೋಗಿ ಬರಬಹುದಾಗಿತ್ತು. ಮಡಚಿದ್ದೇನಲ್ಲ, ಚರ್ಮ ಹಾಸಿದ್ದೇನಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಮೆತ್ತನೆಯ ರಬ್ಬರು ನಡೆದಂತೆ ನಡೆದಂತೆ ತೆಳುವಾಗುತ್ತದೆ, ಟೈರು ಬಾಗಿದಂತೆಲ್ಲ ಮೊಳೆ ಮೇಲಕ್ಕೆ ಬರುತ್ತದೆ ಎನ್ನುವುದು ಗೊತ್ತಿದ್ದವನೂ ನಾನೇ.

ಮೂರನೇ ಗುರುವಾರ ನಾವು ತಲುಪಿದಾಗ ಹುಣಸೆಮರದ ಕೆಳಗೆ ಎತ್ತಿನಗಾಡಿ ನಿಂತಿತ್ತು. ಹೊಲದ ಯಜಮಾನರೇ ಹೊಡೆದುಕೊಂಡು ಬಂದಿದ್ದರು. ಗಾಡಿಯಲ್ಲಿ ಹುಲ್ಲಿನ ಮೇಲೆ ತಾತ ಮಲಗಿದ್ದರು. ಮೈ ಕೆಂಡ. ಕಾಲು ಮೊಣಕಾಲಿನವರೆಗೆ ಊದಿ ಬಣ್ಣ ತಿರುಗಿತ್ತು, ವಾಸನೆ ಬರುತ್ತಿತ್ತು.

"ಮೊನ್ನೆ ಅಲ್ಲ, ಅದ್ರಿಂದಿನ ಬಾನುವಾರ ಜೀರಳ್ಳಿಗೆ ಓಗಿದ್ನಂತೆ," ಯಜಮಾನರು ಡಾಕ್ಟರಮ್ಮನಿಗೆ ಹೇಳಿದರು. "ಅಲ್ಲಿ ಆಯಮ್ಮ ಅಂಗಳದಲ್ಲಿ ರಕ್ತ ನೋಡಿ ಯೇಳಿದ್ಮ್ಯಾಗೆ ಇವ್ನಿಗೆ ಗೊತ್ತಾಗಿರೋದು. ಅದೇ ಕಾಲಲ್ಲಿ ವಾಪಸ್ ನಡ್ಕಂಡು ಬಂದವ್ನೆ."

ಡಾಕ್ಟರಮ್ಮ ಚಪ್ಪಲಿ ತರಿಸಿ ನೋಡಿದರು. ಚರ್ಮದ ತುಂಡು ಹರಿದು, ತುಕ್ಕು ಹಿಡಿದ ಒಂದು ಮೊನೆ ರಬ್ಬರಿನ ಮೇಲೆ ನಿಂತಿತ್ತು. ಅವರು ಚಿಮುಟದಲ್ಲಿ ಅದನ್ನು ಹಿಡಿದು, "ಇದನ್ನು ಹೊಡೆದವರು ಯಾರು?" ಅಂತ ಕೇಳಿದರು.

ನಾನು ಬ್ಯಾಂಡೇಜ್ ಬಟ್ಟೆ ಸುತ್ತುತ್ತಿದ್ದೆ. ಕೈ ನಿಲ್ಲಿಸಲಿಲ್ಲ.

ಗಾಡಿಯಿಂದ ತಾತ ಹೇಳಿದರು: "ನಾನೇ ಒಡಿಸ್ಕಂಡೆ ಕಣವ್ವ."

"ಬಜಾರಿನಲ್ಲಿ ಹೊಲಿಸಬೇಡಿ ಅಂತ ಎಷ್ಟು ಸಲ ಹೇಳಿದ್ದೀನಿ," ಅಂದರು ಡಾಕ್ಟರಮ್ಮ. ತಾತ ಕಣ್ಣು ಮುಚ್ಚಿಕೊಂಡರು. ನಾನು ಸುತ್ತುತ್ತಲೇ ಇದ್ದೆ.

ಅವತ್ತು ಬೇರೆಯವರನ್ನು ಬೇಗ ನೋಡಿ ಮುಗಿಸಿ ತಾತನನ್ನು ಜೀಪಿನಲ್ಲಿ ಮಲಗಿಸಿಕೊಂಡು ಘಾಟಿ ಇಳಿದೆವು. ಪ್ರತಿ ತಿರುವಿನಲ್ಲೂ ಅವರ ತಲೆ ಸರಿಯದಂತೆ ನಾನು ಹಿಡಿದುಕೊಂಡಿದ್ದೆ. ಆಸ್ಪತ್ರೆಯಲ್ಲಿ ಎರಡು ದಿನ ಇಂಜೆಕ್ಷನ್ ಕೊಟ್ಟು ಕಾದರು. ಕೀವು ಮೂಳೆಗೆ ಇಳಿದಿತ್ತು. ಮೂರನೇ ದಿನ ಮೊಣಕಾಲಿನ ಕೆಳಗೆ ಕಾಲು ತೆಗೆದರು. ಊರುಗೋಲಿನ ಕಂಕುಳಿಗೆ ಮೆತ್ತೆ ಹೊಲಿದು ಕೊಡಲು ನನಗೇ ಹೇಳಿದರು. ಹೊಲಿದು ಕೊಟ್ಟೆ.

ಚಪ್ಪಲಿ ಕೋಣೆಯಲ್ಲಿ ಆಮೇಲೆ ನನ್ನ ಕೆಲಸ ಎಂದಿನಂತೆಯೇ ನಡೆಯಿತು. ಬೆಳಗಿನ ಪ್ರಾರ್ಥನೆಗೆ ಎಲ್ಲರ ಜೊತೆ ನಿಲ್ಲುತ್ತಿದ್ದೆ, ಬಾಯಿ ಮಾತ್ರ ಏಳುತ್ತಿರಲಿಲ್ಲ. ಹಾಡಿನ ಹೊತ್ತಿಗೆ ಪುಸ್ತಕ ನೋಡುತ್ತಾ ನಿಂತಿರುತ್ತಿದ್ದೆ. ಹೀಗೆ ಒಂದು ತಿಂಗಳು ಕಳೆಯಿತು.

ಒಂದು ಭಾನುವಾರ ಬೆಳಿಗ್ಗೆ ವಾರ್ಡಿಗೆ ಹೋದೆ. ತಾತ ಹಾಸಿಗೆಯ ಮೇಲೆ ಎದ್ದು ಕೂತು, ಉಳಿದ ಕಾಲನ್ನು ಇಳಿಬಿಟ್ಟುಕೊಂಡಿದ್ದರು. ಹೊರಡಲು ಸಿದ್ಧವಾದವರ ಹಾಗೆ ಅಂಗಿಯ ಗುಂಡಿ ಎಲ್ಲ ಹಾಕಿಸಿಕೊಂಡಿದ್ದರು.

"ಇವತ್ತು ಗೆಟ್ಟವಾಡೀದಾ, ಜೀರಳ್ಳೀದಾ?" ಅಂತ ಕೇಳಿದರು. "ನಂಗೆ ಲೆಕ್ಕ ತಪ್ಪೋಗದೆ."

ನನಗೂ ಗೊತ್ತಿರಲಿಲ್ಲ. ಹೊರಗೆ ಬಂದೆ. ಡಾಕ್ಟರಮ್ಮನ ಕೋಣೆಗೆ ಹೋಗಿ ನಿಂತು, ಆ ಮೊಳೆ ಹೊಡೆದದ್ದು ನಾನು ಎಂದು ಹೇಳಿದೆ. ಅಂಟು ಒಣಗಿಸಿದ್ದು, ತಾತ ಕೇಳಿದ್ದು, ಬಸ್ಸಿನಲ್ಲಿ ಹೋಗಿ ಕೀಳಬಹುದಾಗಿದ್ದದ್ದು, ಎಲ್ಲ.

ಅವರು ಕಪಾಟಿನಿಂದ ತಾತನ ಕಡತ ತೆಗೆದು, ಕಾಲು ತೆಗೆದ ಕಾರಣ ಬರೆದಿದ್ದ ಹಾಳೆ ಬಿಚ್ಚಿ ನನ್ನ ಮುಂದಿಟ್ಟರು. "ನಿಮ್ಮ ಕೈಯಲ್ಲೇ ಬರೆಯಿರಿ," ಅಂದರು. ಬಜಾರಿನ ಚಪ್ಪಲಿ ಎಂದಿದ್ದದ್ದನ್ನು ಹೊಡೆದು ಹಾಕಿ, ಕೆಳಗೆ ನಡೆದದ್ದನ್ನು ಬರೆದು ಸಹಿ ಹಾಕಿದೆ. ಕೆಲಸ ಬಿಟ್ಟು ಹೋಗುತ್ತೇನೆ ಎಂದೆ.

"ನೀವು ಹೋದರೆ ಬರೋ ಗುರುವಾರ ಆ ಮರದ ಕೆಳಗೆ ಅವರೆಲ್ಲ ಬರಿಗಾಲಲ್ಲಿ ನಿಂತಿರುತ್ತಾರೆ. ಅದು ನಿಮಗೆ ಪರವಾಗಿಲ್ಲ ಅಂದರೆ ಹೋಗಿ," ಅಂದರು. ಅವರ ಧ್ವನಿಯಲ್ಲಿ ಕರುಣೆ ಏನೂ ಇರಲಿಲ್ಲ. ಅದೇ ನನಗೆ ಒಳ್ಳೆಯದಾಯಿತು.

ಅಲ್ಲಿಂದ ನೇರ ತಾತನ ಬಳಿಗೆ ಬಂದು, ಡಾಕ್ಟರಮ್ಮನಿಗೆ ಹೇಳಿಬಿಟ್ಟೆ ಎಂದೆ.

"ಒಡಿ ಅಂದೋನು ನಾನು ತಾನೆ," ಅಂದರು. ಉಳಿದ ಕಾಲನ್ನು ಮಂಚದ ಮೇಲೆ ಎಳೆದುಕೊಂಡು, "ಆದ್ರೂ ನೀನು ಬಾಯಿ ಬುಡ್ದೆ ಕುಂತಿದ್ದು ನಂಗೆ ಬ್ಯಾಸ್ರ ಆಗಿತ್ತು ಕಣಪ್ಪ. ಸುಳ್ಳು ಯಾಕ್ ಯೇಳಾಕೋಗನ," ಅಂದರು.

ನಾನು ಮಂಚದ ಪಕ್ಕ ನೆಲದ ಮೇಲೆ ಕೂತೆ. ಅಳು ಬಂತು. ತಾತ ಸಮಾಧಾನ ಮಾಡಲಿಲ್ಲ. ಅಳು ಮುಗಿಯಲಿ ಎಂದು ಕಾದರು.

"ಕಾಲು ಓಯ್ತು, ಓಗ್ಲಿ. ಅಲ್ಲಿ ಅವ್ರು ಬಾನುವಾರ ಬಾನುವಾರ ದಾರಿ ನೋಡ್ಕಂಡು ಕುಂತಿರ್ತಾರಲ್ಲ, ಅದು ತಡ್ಯಕಾಗಲ್ಲ. ನೀನು ಓಗು."

"ನನಗೆ ಪ್ರಾರ್ಥನೆ ಮಾಡೋಕೆ ಬರಲ್ಲ ತಾತ. ಈಗಂತೂ ಬಾಯೇ ಬರಲ್ಲ."

"ಓದಾಕೆ ಬತ್ತದಲ್ಲ?"

"ಬರುತ್ತೆ."

"ಓದು ಸಾಕು. ಪ್ರಾರ್ಥ್ನೆ ಅವ್ರು ಮಾಡ್ಕತಾರೆ." ಗೊಬ್ಬರದ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟಿದ್ದ ವೇದಪುಸ್ತಕವನ್ನು ಎರಡೂ ಮುಂಗೈ ನಡುವೆ ಎತ್ತಿ ನನ್ನ ಮಡಿಲಿಗೆ ಹಾಕಿದರು.

ಮುಂದಿನ ಶನಿವಾರ ಕೆಲಸ ಮುಗಿಸಿ ಬಸ್ಸು ಹತ್ತಿದೆ. ತಾತನ ಗುಡಿಸಲಿನಲ್ಲೇ ಮಲಗಿದೆ. ಬೆಳಿಗ್ಗೆ ಯಜಮಾನರು ಜಗಲಿಯ ಅಂಚಿನಲ್ಲಿ ನನಗೆ ಮುದ್ದೆ, ಉಪ್ಪೆಸರು ಇಡಿಸಿದರು. ಒಳಗೆ ಕರೆಯಲಿಲ್ಲ, ಕರೆದಾರೆಂದು ನಾನೂ ಅಂದುಕೊಂಡಿರಲಿಲ್ಲ. "ನಿಮ್ ದೇವ್ರ ಇಚಾರ ನಂಗೊತ್ತಿಲ್ಲ," ಅಂದರು. "ಆದ್ರೆ ಅವ ಆ ಚೀಲ ಕಂಕುಳಲ್ಲಿ ಇಟ್ಕಂಡು ಒಲ ದಾಟಿ ಓಯ್ತಿದ್ರೆ ನೋಡಾಕೆ ಒಂಥರಾ ಚೆನ್ನಾಗಿತ್ತು. ಬರಾಕಿಲ್ವಾ ಇನ್ನ?" ನನಗೆ ಗೊತ್ತಿಲ್ಲ ಎಂದೆ.

ಗೆಟ್ಟವಾಡಿಯ ಮುದುಕರು ಕೊಟ್ಟಿಗೆಯ ಮುಂದೆ ಚಾಪೆ ಹಾಸಿಕೊಂಡು ಕೂತೇ ಇದ್ದರು. ಅಷ್ಟು ವಾರವೂ ಹಾಗೇ ಹಾಸಿ, ಮಧ್ಯಾಹ್ನದವರೆಗೆ ಕಾದು ಸುತ್ತಿಡುತ್ತಿದ್ದರಂತೆ. ನಡೆದದ್ದನ್ನು ಹೇಳಿದೆ. ಕುರುಡ ಮುದುಕರು ನನ್ನ ಕೈ ತಡವಿ ಹಿಡಿದುಕೊಂಡು, "ಓದಪ್ಪ," ಅಂದರು. ಒಂದು ಕೀರ್ತನೆ ಓದಿದೆ. ಪ್ರಾರ್ಥನೆಯನ್ನು ಅಜ್ಜಿ ಮಾಡಿದರು. ತಾತನ ಕಾಲಿಗೆ, ಜೀರಹಳ್ಳಿ ಅಕ್ಕನ ಕೆಮ್ಮಿಗೆ, ಕೊನೆಯಲ್ಲಿ ಚಪ್ಪಲಿಯವನಿಗೆ.

ಜೀರಹಳ್ಳಿಯಲ್ಲಿ ಹಾಗಾಗಲಿಲ್ಲ. ಅದರ ಮುಂದಿನ ಭಾನುವಾರ, ಕಾಡಂಚಿನ ದಾರಿಯಲ್ಲಿ ಆನೆ ಲದ್ದಿ ನೋಡಿಕೊಂಡು ಹೆದರುತ್ತಾ ನಡೆದು ಹೋಗಿ ಹಿತ್ತಲಿನಲ್ಲಿ ನಿಂತೆ. ಹಲಗೆ ಬಾಗಿಲು ಅರ್ಧ ತೆರೆಯಿತು. ಅಕ್ಕನ ಮುಖ ಸರಿಯಾಗಿ ಕಾಣಲಿಲ್ಲ, ಸೆರಗು ಎಳೆದುಕೊಂಡಿದ್ದರು.

"ತಾತ ಎಲ್ಲಿ?"

ಅಲ್ಲೂ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ನೀನು ಓಗು," ಅಂದರು. ಬಾಗಿಲು ಮುಚ್ಚಿತು. ಆ ಬಾಗಿಲಿನ ಮುಂದೆ ಎಷ್ಟು ಹೊತ್ತು ನಿಂತಿದ್ದೆನೋ. ಅವರ ಅಣ್ಣ ಹಿತ್ತಲಿಗೆ ಬಂದು, ದಾರಿಯ ಕಡೆ ಕೈ ತೋರಿಸಿದರು.

ಆಸ್ಪತ್ರೆಗೆ ಬಂದು ಸೋಮವಾರ ತಾತನಿಗೆ ಅದನ್ನೇ ವರದಿ ಮಾಡಿದೆ. ಇನ್ನು ಆ ಕಡೆ ಹೋಗುವುದಿಲ್ಲ ಎಂದೆ. ತಾತ ನಕ್ಕರು. "ನಂಗೂ ಮೊದ್ಲು ಆರ್ ತಿಂಗ್ಳು ಬಾಕ್ಲೇ ತೆಗ್ದಿರ್ನಿಲ್ಲ ಕಣಪ್ಪ. ನಾ ಬಾಕ್ಲಿಗೇ ಓದ್ತಿದ್ದೆ."

ಎರಡು ವಾರ ಬಿಟ್ಟು ಮತ್ತೆ ಹೋದೆ. ಮುಚ್ಚಿದ ಬಾಗಿಲ ಮುಂದೆ ಕೂತು ಓದಿ ಎದ್ದು ಬಂದೆ. ನಾಚಿಕೆ ಆಗುತ್ತಿತ್ತು, ಮೇಯಲು ಬಿಟ್ಟ ಕರುವೊಂದು ನನ್ನನ್ನೇ ನೋಡುತ್ತಿತ್ತು. ಅದರ ಮುಂದಿನ ಸಲವೂ ಅಷ್ಟೇ. ಅದಾದ ಮೇಲಿನ ಸಲ, ಓದಲು ಶುರು ಮಾಡಿ ನಾಲ್ಕು ಸಾಲು ಆಗಿರಬೇಕು, ಒಳಗಿನಿಂದ ಮಾತು ಬಂತು: "ಜೋರಾಗಿ ಓದು. ಕೇಳ್ಸಾಕಿಲ್ಲ."

ಜೋರಾಗಿ ಓದಿದೆ. ಮುಗಿಸಿದ ಮೇಲೆ ಒಳಗೆ ಅವರು ಪ್ರಾರ್ಥಿಸುವುದು ಗುಯ್ ಅಂತ ಕೇಳುತ್ತಿತ್ತು. ಅಷ್ಟು ತಿಂಗಳ ಮೇಲೆ ನನ್ನ ಬಾಯಿಂದಲೂ ಆಮೆನ್ ಎಂಬ ಒಂದು ಮಾತು ಹೊರಟಿತು. ಅಷ್ಟೇ ಹೊರಟದ್ದು.

ಇತ್ತ ತಾತನ ಕಾಲಿನ ಗಾಯ ಮಾಗುತ್ತಾ ಬಂತು. ಮರದ ಕಾಲು ಕೊಡಬಹುದು ಎಂದು ಡಾಕ್ಟರಮ್ಮ ಹೇಳಿದರು. ಮೊಣಕಾಲಿನ ಮೋಟು ಕೂರುವ ಚರ್ಮದ ಬಟ್ಟಲನ್ನು ಹೊಲಿಯುವುದು ನನ್ನ ಪಾಲಿನ ಕೆಲಸ. ಪ್ಲಾಸ್ಟರಿನ ಅಚ್ಚು ತೆಗೆದು, ನೆನೆಸಿದ ಚರ್ಮವನ್ನು ಅದರ ಮೇಲೆ ಎಳೆದು ಕಟ್ಟಿ ಒಣಗಿಸಿದೆ. ಆದರೆ ಅಷ್ಟರಲ್ಲಿ ಅವರ ಮುಖ ಬೆಳಗಿನ ಹೊತ್ತು ಊದತೊಡಗಿತು, ಆಮೇಲೆ ಹೊಟ್ಟೆ. ಇಷ್ಟು ವರ್ಷದ ಹುಣ್ಣು, ಕೀವು ಎಲ್ಲ ಸೇರಿ ಮೂತ್ರಪಿಂಡವನ್ನು ಕೆಡಿಸಿತ್ತು. ಆ ಮೊಳೆಯ ಕೀವಿನ ಪಾಲು ಅದರಲ್ಲಿ ಎಷ್ಟು ಎಂದು ಡಾಕ್ಟರಮ್ಮನನ್ನು ಕೇಳಿದೆ. "ಅಳೆದು ಹೇಳೋಕಾಗಲ್ಲ," ಅಂದರು. ಇಲ್ಲವೇ ಇಲ್ಲ ಎಂದು ಅವರು ಹೇಳಲಿಲ್ಲ.

ಸೋಮವಾರದ ವರದಿ ಮಾತ್ರ ತಪ್ಪುತ್ತಿರಲಿಲ್ಲ. ಗೆಟ್ಟವಾಡಿಯಲ್ಲಿ ಹಸು ಕರು ಹಾಕಿತು, ಅಜ್ಜಿಯ ಕೈಗೆ ಒಲೆಯ ಬೆಂಕಿ ತಗುಲಿತು, ಜೀರಹಳ್ಳಿ ಅಕ್ಕ ನಿನ್ನೆ ಬಾಗಿಲು ತೆಗೆದು ಹೊಸ್ತಿಲಲ್ಲಿ ಕೂತರು. ಆ ಕೊನೆಯ ಸುದ್ದಿ ಕೇಳಿ ತಾತ ಮುಂಗೈಯಿಂದ ನನ್ನ ಮೊಣಕಾಲು ತಟ್ಟಿದರು. ಅದೇ ವಾರ, ಒಂದು ಮಧ್ಯಾಹ್ನ, ಊಟದ ಗಂಟೆ ಹೊಡೆಯುತ್ತಿದ್ದಾಗ ತೀರಿಕೊಂಡರು. ಆಸ್ಪತ್ರೆಯ ಸಮಾಧಿ ಭೂಮಿಯಲ್ಲೇ ಮಣ್ಣು ಮಾಡಿದೆವು. ಚರ್ಮದ ಬಟ್ಟಲು ಅರ್ಧ ಹೊಲಿಗೆಯಲ್ಲಿ ನನ್ನ ಮೇಜಿನ ಮೇಲೆ ಇತ್ತು. ಬಹಳ ದಿನ ಅದನ್ನು ಅಲ್ಲಿಂದ ಎತ್ತಲಾಗಲಿಲ್ಲ.

ಆ ಭಾನುವಾರ ಗೆಟ್ಟವಾಡಿಯ ಸರದಿಯಾದರೂ ಸಾವಿನ ಸುದ್ದಿ ಮೊದಲು ಮುಟ್ಟಿಸಿದ್ದು ಜೀರಹಳ್ಳಿಗೆ. ಅಕ್ಕ ಹೊಸ್ತಿಲಲ್ಲೇ ಇದ್ದರು. ಅಳಲಿಲ್ಲ. ಎಲ್ಲಿ ಹೂಳಿದಿರಿ, ಯಾರ್‍ಯಾರು ಬಂದಿದ್ದರು, ಮಳೆ ಇತ್ತೇ ಎಂದು ಕೇಳಿದರು. ಆಮೇಲೆ ಸೀರೆಯೊಳಗೆ ಮುಚ್ಚಿಕೊಂಡಿದ್ದ ಕಾಲುಗಳನ್ನು ನಿಧಾನಕ್ಕೆ ಹೊರಗೆ ಚಾಚಿದರು. ಅಷ್ಟು ದಿನದಲ್ಲಿ ಆ ಕಾಲುಗಳನ್ನು ನಾನು ನೋಡಿಯೇ ಇರಲಿಲ್ಲ.

"ಅಳ್ತೆ ತಕ್ಕೊ," ಅಂದರು. "ಗೆಟ್ಟವಾಡಿಗೆ ಓಗ್ಬೇಕು. ಅವ್ರ ಮೊಕ ನೋಡ್ಬೇಕು."

ಅಷ್ಟು ದೂರ ನಡೆಯಬಾರದು ಎಂದು ಹೇಳಿದೆ. ಅಣ್ಣನ ಮನೆಯವರು ಒಪ್ಪಲಿಲ್ಲ. ಮದುವೆಗೆ ಇರುವ ಹೆಣ್ಣುಮಕ್ಕಳ ಮನೆ, ಇವಳು ಹಗಲು ಹೊತ್ತು ಬೀದಿಗೆ ಬಂದರೆ ನಾಳೆ ಯಾರು ಬರುತ್ತಾರೆ ಎಂದರು. ಅವರ ಹೆದರಿಕೆಯೂ ಸುಳ್ಳಲ್ಲ. ಎರಡು ಸಲ ಹೋಗಿ ಮಾತಾಡಿ ಸೋತು ಬಂದೆ. ಕೊನೆಗೆ ತಾತನಿಗೆ ಜಾಗ ಕೊಟ್ಟಿದ್ದ ಯಜಮಾನರೇ ಮೇಲೆ ಕಮಾನು ಕಟ್ಟಿದ ಗಾಡಿ ಕಳಿಸಿದರು. ಒಳಗೆ ಯಾರು ಕೂತಿದ್ದಾರೆಂದು ಹೊರಗೆ ಕಾಣುತ್ತಿರಲಿಲ್ಲ. ಅದಕ್ಕೆ ಅಣ್ಣ ಸುಮ್ಮನಾದರು.

ಗಾಡಿ ಗೆಟ್ಟವಾಡಿಯ ಕೊಟ್ಟಿಗೆಯ ಮುಂದೆ ನಿಂತಾಗ ಬಿಸಿಲು ಏರಿತ್ತು. ಅಕ್ಕ ಹೊಸ ಚಪ್ಪಲಿಯಲ್ಲಿ ಇಳಿದು, ಪಟ್ಟಿ ಹಿಡಿದು ನೋಡಿಕೊಂಡು, ಚಾಪೆಯವರೆಗೆ ನಡೆದು ಬಂದರು. ಅಜ್ಜಿ ಎದ್ದು ನಿಂತರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ರೋಗ ಇಬ್ಬರ ಮುಖವನ್ನೂ ಒಂದೇ ಥರ ಮಾಡಿತ್ತು.

"ಯಾರೇ ಅದು?" ಅಂತ ಕುರುಡ ಮುದುಕರು ಕೇಳಿದರು.

"ಜೀರಳ್ಳಿ ಅಕ್ಕ ಕಣ," ಅಂದರು ಅಜ್ಜಿ. ಆಮೇಲೆ ಬಂದವರ ಕಡೆ ತಿರುಗಿ, "ಕೆಮ್ಮು ಎಂಗದೆ ಅವ್ವ ಈಗ? ದಿನಾ ಕೇಳ್ಕತಿವಿ," ಅಂದರು.

ಅಕ್ಕನಿಗೆ ಮೊದಲು ಅರ್ಥವಾಗಲಿಲ್ಲ. "ಕೆಮ್ಮಾ? ಅದು ಓಗಿ ನಾಕ್ ವರ್ಸ ಆಯ್ತಲ್ಲ," ಅಂದರು. ತಾತನಿಗೆ ಅದನ್ನು ಹೇಳಲು ಮರೆತಿತ್ತೋ, ಹೇಳಿದರೂ ಇವರು ಬಿಟ್ಟಿರಲಿಲ್ಲವೋ ಗೊತ್ತಿಲ್ಲ.

ನಾನು ಓದಿದೆ. ತಾತನ ಹೆಸರು ಹೇಳಿ ಅಜ್ಜಿ ಪ್ರಾರ್ಥನೆ ಮಾಡಿದರು. ಆಮೇಲೆ ತಾತ ಕಲಿಸಿದ್ದ ಹಾಡು ಎತ್ತಿದರು. ಮಾತು ಮೂವರಿಗೂ ಗೊತ್ತಿತ್ತು, ರಾಗ ಮಾತ್ರ ಗೆಟ್ಟವಾಡಿಯವರದೊಂದು, ಅಕ್ಕನದೊಂದು. ತಾತನಿಗೆ ರಾಗ ನಿಲ್ಲುತ್ತಿರಲಿಲ್ಲ, ಎರಡು ಮನೆಯಲ್ಲಿ ಎರಡು ಥರ ಕಲಿಸಿಬಿಟ್ಟಿದ್ದರು. ಎರಡನೇ ಸಾಲಿಗೆ ಬರುವಷ್ಟರಲ್ಲಿ ಹಾಡು ಮುರಿದು ನಿಂತಿತು. ಅಲ್ಲಿಯವರೆಗೆ ಅಳದಿದ್ದ ಅಕ್ಕ ಆಗ ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತರು. ಯಾರೂ ಅವಸರ ಮಾಡಲಿಲ್ಲ.

"ನಿಮ್ದೇ ಯೇಳ್ಕೊಡಿ," ಅಂದರು ಸುಧಾರಿಸಿಕೊಂಡು. "ನಾ ಕಲ್ತ್ಕತಿನಿ."

ಅಜ್ಜಿ ಮೊದಲ ಸಾಲನ್ನು ನಿಧಾನಕ್ಕೆ ಹೇಳಿಕೊಟ್ಟರು. ಅಕ್ಕನ ಜೊತೆ ನಾನೂ ಹೇಳಿದೆ.